ಕೆಂಚನಗುಡ್ಡದ ಕೆಂಡ

ಬಿಸಿಲುಕಟ್ಟೆಯನ್ನು ಯಾರೋ ಕೊಂಡುಕೊಂಡರು ಎಂಬ ಸುದ್ದಿ ಹಾಲಸಿದ್ದಪ್ಪನಿಗೆ ಮುಟ್ಟಿದ್ದು ಬೆಳಿಗ್ಗೆ ಏಳೂಮುಕ್ಕಾಲಿಗೆ. ಬಳ್ಳಾರಿಯ ಪಾರ್ವತಿನಗರದ ತನ್ನ ಮನೆಯ ಮೆಟ್ಟಿಲ ಮೇಲೆ ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಮೊಬೈಲು ಹಿಡಿದು ಕೂತಿದ್ದ. ಓದಿದ. ಇನ್ನೊಮ್ಮೆ ಓದಿದ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿಯಲು ಹೋಗಿ ಅಷ್ಟೂ ಚಹಾ ಲುಂಗಿಯ ಮೇಲೆ ಸುರಿದುಕೊಂಡ. ಆ ಚಹಾ ಎಷ್ಟು ಬಿಸಿಯಿತ್ತೆಂದರೆ ಜಾರಿ ಬಿದ್ದ ನಾಲ್ಕು ಹನಿಗೆ ಮೆಟ್ಟಿಲ ಕಡಪಾ ಕಲ್ಲೇ ಸೀಳಿತು. ಹಾಲಸಿದ್ದಪ್ಪನಿಗೆ ಮಾತ್ರ ತೊಡೆ ಸುಟ್ಟದ್ದು ಗೊತ್ತಾಗಿದ್ದು ಹತ್ತು ನಿಮಿಷದ ಮೇಲೆ.

ಬಿಸಿಲುಕಟ್ಟೆಯೆಂದರೆ ಬೇವಿನ ಮರದ ಬುಡದ ಕಲ್ಲುಕಟ್ಟೆಯಲ್ಲ. ಸಿರುಗುಪ್ಪದ ಹೊನ್ನೂರಸ್ವಾಮಿ ಹನ್ನೊಂದು ವರ್ಷದ ಹಿಂದೆ ತನ್ನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಕಟ್ಟಿದ ಅಂತರ್ಜಾಲದ ಹರಟೆಕಟ್ಟೆ. ಕಾಲುವೆಗೆ ನೀರು ಯಾವಾಗ, ಕುರುಗೋಡಿನ ಬಸ್ಸು ಎಷ್ಟಕ್ಕೆ, ಸೋನಾ ಮಸೂರಿಗೆ ಯಾವ ಗೊಬ್ಬರ, ಯಾವ ಬಂಡಿಯ ಮಿರ್ಚಿ ಬಾಯಿ ಸುಡುತ್ತದೆ ಎಂದು ಕೇಳಲು ಬಂದ ಜನ, ಉತ್ತರ ಸಿಕ್ಕ ಮೇಲೂ ಹೋಗದೆ ಜಗಳಕ್ಕೆ ಕೂತರು. ಬೇರೆ ಕಡೆ ಐದು ವರ್ಷಕ್ಕೆ ಆಗುವಷ್ಟು ಜಗಳ ಅಲ್ಲಿ ಸೋಮವಾರ ಮಧ್ಯಾಹ್ನಕ್ಕೇ ಮುಗಿದು, ಸಂಜೆಗೆ ಹೊಸದು ಹೊತ್ತಿಕೊಳ್ಳುತ್ತಿತ್ತು.

ಯಾರೂ ಸ್ವಂತ ಹೆಸರಿನಲ್ಲಿ ಬರೆಯುತ್ತಿರಲಿಲ್ಲ. ಹಾಲಸಿದ್ದಪ್ಪನ ಹೆಸರು ಅಲ್ಲಿ ‘ಕೆಂಚನಗುಡ್ಡದ ಕೆಂಡ’. ಹಗಲೆಲ್ಲ ಅವನು ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ ಮಾರುವ ಅಂಗಡಿಯಲ್ಲಿ ಕೂತಿರುತ್ತಿದ್ದ. ಗಿರಾಕಿ ಬೈದರೂ “ಹೌದ್ರಿ”, ಗಿರಾಕಿಯ ಜೊತೆ ಬಂದವನು ಬೈದರೂ “ಹೌದ್ರಿ”. ಅವನ ದನಿ ಎದುರಿನ ಅಂಗಡಿಯವನಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದ್ದಿಲ್ಲ. ಆದರೆ ಮೊಬೈಲು ಹಿಡಿದು ಕೆಂಡವಾದನೋ, ತುಂಗಭದ್ರೆಯ ಎರಡೂ ದಡದ ಜನ ಬೆಂಕಿ ಕಾಯಿಸಿಕೊಳ್ಳಲು ಬರುತ್ತಿದ್ದರು.

ಕೆಂಡಕ್ಕೆ ನಿತ್ಯ ಬಲಿಯಾಗುತ್ತಿದ್ದವನು ಒಬ್ಬನೇ: ಕುರುಗೋಡಿನ ಕರಿಬಸವ. ಮೂವತ್ತನಾಲ್ಕು ವರ್ಷ ಕಾಲುವೆಯ ತೂಬು ನೋಡಿಕೊಂಡು ನಿವೃತ್ತನಾದವನು. ಇಡೀ ಕಟ್ಟೆಯಲ್ಲಿ ಸ್ವಂತ ಹೆಸರು, ಸ್ವಂತ ಮೀಸೆಯ ಫೋಟೊ ಹಾಕಿ ಬರೆಯುವ ಏಕೈಕ ಧೀರ. ನೀರು ಹಂಚುವ ಬಗೆಯನ್ನು ದಿನಾ ನಾಲ್ಕು ಮೊಳ ಉದ್ದ ಬರೆಯುತ್ತಿದ್ದ. ಅದರ ಕೆಳಗೆ ಕೆಂಡ ಒಂದೇ ಸಾಲು ಇಡುತ್ತಿದ್ದ: “ನಿಮ್ಮ ಮಾತು ನೆನಿಸಿದ ಮಂಡಕ್ಕಿ ಇದ್ದಂಗ. ನೋಡಾಕ ಬುಟ್ಟಿ ತುಂಬ, ಹಿಂಡಿದ್ರ ಒಂದು ಮುಷ್ಟಿ.” ಆರುನೂರು ಜನ ಮೆಚ್ಚುತ್ತಿದ್ದರು. ಮರುದಿನ ಕರಿಬಸವ ಎಂಟು ಮೊಳ ಬರೆಯುತ್ತಿದ್ದ.

ಹೀಗೆ ಹನ್ನೊಂದು ವರ್ಷ, ನಾಲ್ಕು ಸಾವಿರದ ನೂರ ಹನ್ನೆರಡು ಬೈಗುಳ ಸಾಗಿದ ಮೇಲೆ, ಎರಡು ತಿಂಗಳ ಹಿಂದೆ ಹಾಲಸಿದ್ದಪ್ಪನ ಮಗಳು ರಶ್ಮಿಗೆ ಕುರುಗೋಡಿನಿಂದ ಸಂಬಂಧ ಬಂತು. ಹುಡುಗ ಚನ್ನಬಸವರಾಜ, ಕಾಲೇಜಿನಲ್ಲಿ ಮೇಷ್ಟ್ರು. ಹನ್ನೆರಡು ಹುಡುಗರನ್ನು ಒಲ್ಲೆನೆಂದಿದ್ದ ರಶ್ಮಿ ಇವನನ್ನು ಕಂಡು, ಎರಡು ಮಾತಾಡಿ, “ಆಗಬಹುದು” ಎಂದಳು. ಅವಳ ಅವ್ವ ಶಿವಬಸಮ್ಮ ಆ ದಿನ ಓಣಿಗೆಲ್ಲ ಪೇಡೆ ಹಂಚಿದಳು. ಹುಡುಗನ ಅಪ್ಪ ಒಳಗೆ ಬಂದಾಗ ಮಾತ್ರ ಹಾಲಸಿದ್ದಪ್ಪ ಬಾಯಿಗಿಟ್ಟ ಪೇಡೆಯನ್ನು ಅಗಿಯುವುದನ್ನೇ ಮರೆತ. ಅದೇ ಮೀಸೆ!

ಅವತ್ತು ಕರಿಬಸವ ಕುರ್ಚಿಯಲ್ಲಿ ಕೂತು, ಊರುಗೋಲನ್ನು ನೆಲಕ್ಕೆ ಮೂರು ಸಲ ಕುಟ್ಟಿ, ಹಾಲಸಿದ್ದಪ್ಪನನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಹೇಳಿದ್ದ: “ಒಬ್ಬ ಅದಾನ್ರಿ ಬೀಗ್ರ, ಕೆಂಡ ಅಂತ. ಮಾರಿ ತೋರ್ಸಂಗಿಲ್ಲ. ಅವನ ಹೆಸರು ತಿಳಿಯೋ ದಿನಕ್ಕ ಕಾಯಾಕತ್ತೀನಿ.” ಹಾಲಸಿದ್ದಪ್ಪನ ಬಾಯಲ್ಲಿದ್ದ ಪೇಡೆ ಇಡಿಯಾಗಿ ಒಳಗಿಳಿಯಿತು. ಅಂದಿನಿಂದ ಕೆಂಡ ಬೂದಿ ಮುಚ್ಚಿಕೊಂಡು ಕೂತಿತ್ತು.

ಇವತ್ತು ಸಂಜೆ ಆರೂವರೆಗೆ ಎಲೆ ಅಡಿಕೆ ಬದಲಿಸಿ ಸಂಬಂಧ ಗಟ್ಟಿ ಮಾಡುವ ಶಾಸ್ತ್ರ. ಇವತ್ತೇ ಬೆಳಿಗ್ಗೆ ಬಿಸಿಲುಕಟ್ಟೆಯ ಬಾಗಿಲಲ್ಲಿ ಈ ನೋಟೀಸು:

“ಹೇ ಕಟ್ಟೆಗೆಳೆಯ! ನಿಮ್ಮ ಬಿಸಿಲುಕಟ್ಟೆ ಈಗ ನಮ್ಮ ದೊಡ್ಡ ಕುಟುಂಬದ ಭಾಗವಾಗಿದೆ ಎಂದು ಹಂಚಿಕೊಳ್ಳಲು ನಾವು ರೋಮಾಂಚನಗೊಂಡಿದ್ದೇವೆ! ಪಾರದರ್ಶಕತೆಯೇ ನಮ್ಮ ಉಸಿರು. ಇಂದು ಸಂಜೆ 6 ಗಂಟೆಯಿಂದ ಹಳೆಯ, ಹೊಸ ಎಲ್ಲ ಬರಹಗಳ ಮೇಲೆ ಅಡ್ಡಹೆಸರಿನ ಜೊತೆ ನಿಮ್ಮ ಮೊಬೈಲ್ ಸಂಖ್ಯೆಯ ನಿಜ ಹೆಸರೂ ಊರೂ ಹೊಳೆಯಲಿವೆ! ಆನಂದಿಸಿ!”

ಕೆಳಗೆ ಕೂದಲೆಣ್ಣೆಯ ಜಾಹೀರಾತು.

ಹಾಲಸಿದ್ದಪ್ಪ ಹಲ್ಲು ಕಚ್ಚಿದ. “ಇವತ್ತು ಆರರೊಳಗ ಈ ಕೆಂಡದ ಹೆಸರು ನನ್ನದಲ್ಲ ಅಂತ ಮಾಡದಿದ್ರ ನಾನು ನಮ್ಮಪ್ಪನ ಮಗನ ಅಲ್ಲ” ಎಂದು ಗಟ್ಟಿಯಾಗಿಯೇ ಅಂದುಕೊಂಡ. ಅಷ್ಟು ಗಟ್ಟಿಯಾಗಿ ಅಂದುಕೊಂಡದ್ದೇ ಮೊದಲ ತಪ್ಪು. ಪಕ್ಕದ ಮನೆಯ ಕಾಂಪೌಂಡಿನ ಮೇಲೆ ವಿಮೆ ಏಜೆಂಟ್ ಮಾರೇಶನ ತಲೆ ಎದ್ದಿತು. ಎದುರು ಮನೆಯ ಜ್ಯೋತಿಲಕ್ಷ್ಮಿ ಟೀಚರು ಪೊರಕೆ ಹಿಡಿದೇ ರಸ್ತೆ ದಾಟಿದರು.

“ಯಾವ ಕೆಂಡನೋ ಅಣ್ಣ?” ಎಂದ ಮಾರೇಶ. ಮೊಬೈಲನ್ನು ಇಣುಕಿ ನೋಡಿದವನೇ ಹೌಹಾರಿದ. “ಯಪ್ಪಾ! ಆ ಕೆಂಡ ನೀವ? ನಮ್ಮ ಸಿದ್ದಪ್ಪಣ್ಣ? ತರಕಾರ್ಯಾಕಿ ಜೊತಿಗೆ ಚೌಕಾಸಿ ಮಾಡಾಕ ನನ್ನ ಕರ್ಕೊಂಡು ಹೋಗ್ತೀರಲ್ಲ!”

“ಮೆಲ್ಲಗ ಮಾತಾಡೋ ಮಾರಾಯ, ಒಳಗ ಕೇಳಸ್ತೈತಿ!”

ಒಳಗಿನಿಂದ ಕೇಳಿಸಿಯೇ ಬಿಟ್ಟಿತು, ಶಿವಬಸಮ್ಮನ ದನಿ. “ಏನ್ರೀ! ಬೀಗ್ರು ಬರೋ ದಿನಾನೂ ಅದನ್ನ ಹಿಡ್ಕೊಂಡು ಕುಂತೀರೇನು? ಕುಕ್ಕರಿನ ಸೀಟಿಯಂಗ ಅದೀರಿ ನೋಡ್ರಿ ನೀವು. ಸದ್ದು ಓಣಿಗೆಲ್ಲ, ಒಳಗ ಬ್ಯಾಳಿ ಬೆಂದಿಲ್ಲ!”

“ಬಂದೆ, ಬಂದೆ” ಎಂದ ಹಾಲಸಿದ್ದಪ್ಪ, ಅಲ್ಲೇ ಕೂತು.

ಮಾರೇಶ ಮೊಬೈಲು ಕಿತ್ತುಕೊಂಡ. “ಹೊಸ ಮಾಲೀಕರಿಗೆ ನಾ ಬರಿತೀನಿ ತಡ್ರಿ. ವಿಮಾ ಕಂಪನಿಗೆ ನೂರಾರು ಅರ್ಜಿ ಬರ್ದ ಕೈ ಇದು.” ಜ್ಯೋತಿಲಕ್ಷ್ಮಿ ಕಾಗುಣಿತ ತಿದ್ದಿದರು. ಇಬ್ಬರೂ ಸೇರಿ ಬರೆದದ್ದು: “ಮಾನ್ಯರೇ, ನಾನೇ ಕೆಂಚನಗುಡ್ಡದ ಕೆಂಡ. ನನ್ನ ಹೆಸರು ಹೊರಬಿದ್ದರೆ ಒಂದು ಮನೆತನದ ಮಾನದ ಪ್ರಶ್ನೆ. ದಯಮಾಡಿ ಗುಟ್ಟಾಗಿ ಇಡಿ.” ಮಾರೇಶ ಒತ್ತಿದ. ಒತ್ತಿದ್ದು ಮಾಲೀಕರಿಗೆ ಕಳಿಸುವ ಗುಂಡಿಯನ್ನಲ್ಲ, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕುವ ಗುಂಡಿಯನ್ನು.

ಎರಡೇ ನಿಮಿಷ. ಹೊಸ ಮಾಲೀಕರಿಗೆ ತಾವು ಕೊಂಡದ್ದು ಸಗಣಿ ಗುಂಡಿಯಲ್ಲ, ಚಿನ್ನದ ಗಣಿ ಎಂದು ಗೊತ್ತಾಗಿಹೋಯಿತು. ಕಟ್ಟೆಯ ನೆತ್ತಿಯ ಮೇಲೆ ದೊಡ್ಡ ಕೆಂಪು ಗಡಿಯಾರ ಬಂತು. ‘ಕೆಂಡ ಯಾರು? ಇಂದು ಸಂಜೆ 6ಕ್ಕೆ!’ ಎಂಬ ಅಕ್ಷರ. ಹನ್ನೊಂದು ವರ್ಷದಲ್ಲಿ ಕಟ್ಟೆಗೆ ಕಾಲಿಡದವರೂ ಬಂದು ಕೂತರು.

“ಅಳಿಸಾಕ ಬರ್ತದೇನು ನೋಡ್ರಿ” ಎಂದರು ಜ್ಯೋತಿಲಕ್ಷ್ಮಿ. ಅಳಿಸುವ ಗುಂಡಿ ಒತ್ತಿದರೆ “ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ, ಹದಿನೈದು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತೇವೆ” ಎಂದು ಬಂತು.

ಹಾಲಸಿದ್ದಪ್ಪ ಎದ್ದು ನಿಂತ. “ಹೊನ್ನೂರಸ್ವಾಮಿ ಹಂತ್ಯಾಕ ಹೋಗ್ತೀನಿ. ಕಟ್ಟಿದೋನಿಗೆ ಕೆಡವಾಕ ಬರಂಗಿಲ್ಲೇನು? ನೀವಿಬ್ರೂ ಒಂದು ಮಾತು ಕೊಡ್ರಿ. ಯಾರರ ಕೇಳಲಿ, ಹೆಂಗರ ಕೇಳಲಿ, ಕೆಂಡ ನಾನಲ್ಲ. ನಮ್ಮ ರಶ್ಮಿ ಬಾಳೇವು ನಿಮ್ಮ ಬಾಯಾಗೈತಿ.”

ಮಾರೇಶ ಎದೆ ಮುಟ್ಟಿ ಆಣೆ ಮಾಡಿದ. ಜ್ಯೋತಿಲಕ್ಷ್ಮಿ ಪೊರಕೆ ಎತ್ತಿ ಹಿಡಿದು ಮಾಡಿದರು.

ಸಿರುಗುಪ್ಪದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಕಿವಿಗೆ ಅಷ್ಟೂ ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಕೆಂಡದ ಮಾತೇ. “ಕೆಂಡ ಅಂದ್ರ ಒಬ್ಬ ಮನಷ್ಯಾ ಅಲ್ಲ ಬಿಡ್ರಿ, ನಾಲ್ಕು ಮಂದಿ ವಕೀಲರು ಕೂಡಿ ಬರೀತಾರ” ಎಂದ ಒಬ್ಬ. “ಅವ ಆರಡಿ ಅದಾನಂತ, ನಮ್ಮ ಅತ್ತಿಗಿ ತಮ್ಮ ಕಂಡಾನ” ಎಂದಳು ಬುಟ್ಟಿ ಹಿಡಿದ ಒಬ್ಬಾಕೆ. ಐದಡಿ ಎರಡಂಗುಲದ ಹಾಲಸಿದ್ದಪ್ಪ ಇನ್ನೂ ಎರಡಂಗುಲ ಕುಗ್ಗಿದ. ಕಂಡಕ್ಟರು ಟಿಕೆಟು ಹರಿಯುತ್ತ, “ಆರಕ್ಕ ನನ್ನ ಬಸ್ಸು ಎಲ್ಲಿದ್ರೂ ನಿಲ್ಲಸ್ತೀನ್ರಿ, ಹೆಸರು ನೋಡೇ ಮುಂದಕ” ಎಂದ. ಇಡೀ ಬಸ್ಸು ಚಪ್ಪಾಳೆ ತಟ್ಟಿತು. ತಟ್ಟದಿದ್ದರೆ ಸಂಶಯ ಬಂದೀತೆಂದು ಹಾಲಸಿದ್ದಪ್ಪನೂ ತಟ್ಟಿದ.

ಹೊನ್ನೂರಸ್ವಾಮಿಯ ಅಂಗಡಿ ತಲುಪಿದಾಗ ಹನ್ನೊಂದೂವರೆ. ಆಸಾಮಿ ನಿಶ್ಚಿಂತೆಯಿಂದ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಿದ್ದ.

“ಯಾಕ ಮಾರಿದ್ಯೋ ಪುಣ್ಯಾತ್ಮ?”

“ಹನ್ನೊಂದು ವರ್ಷ ನಿಮ್ಮ ಜಗಳ ಬಿಡಿಸೀನಿ ಅಣ್ಣ. ಉಣ್ಣಾಕ ಕುಂತ್ರ ಯಾರೋ ಯಾರ್ನೋ ಬೈದಾರ ಅಂತ ಫೋನು. ನಮ್ಮ ನಂದಿನಿ ಕಡೀಗೆ ಹೇಳಿಬಿಟ್ಲು, ಕಟ್ಟಿ ಬೇಕೋ ಹೆಂಡ್ತಿ ಬೇಕೋ ಅಂತ. ನಾಲ್ಕು ದಿನ ವಿಚಾರ ಮಾಡಿ ನಂದಿನೀನ ಇರ್ಲಿ ಅಂದೆ.”

ಹಾಲಸಿದ್ದಪ್ಪ ಅವನ ಎರಡೂ ಕೈ ಹಿಡಿದು ಎಲ್ಲ ಹೇಳಿದ. ಹೊನ್ನೂರಸ್ವಾಮಿ ಗಲ್ಲ ಕೆರೆದುಕೊಂಡ.

“ಹಳೇ ಕೀಲಿ ಆರರ ತನಕ ನನ್ನ ಕೈಯಾಗೈತಿ. ಆದ್ರ ಒಂದಕ್ಷರ ಅಳಿಸಾಕ ಬರಂಗಿಲ್ಲ. ಬರೋದು ಒಂದ ಕೆಲಸ. ನಿಮ್ಮ ಕೆಂಡನ್ನ ನಿಮ್ಮ ನಂಬರಿಂದ ಬಿಚ್ಚಿ ಬ್ಯಾರೇರ ನಂಬರಿಗೆ ಕಟ್ಟಬಹುದು. ಅವ್ರ ಮೊಬೈಲಿಗೆ ಓಟಿಪಿ ಬರ್ತೈತಿ, ಅವ್ರು ಒಪ್ಪಿ ಹೇಳಬೇಕು. ಆಮ್ಯಾಲೆ ಅವ್ರ ಹೆಸರು ಬರ್ತೈತಿ.”

“ನಿನ್ನ ನಂಬರಿಗೇ ಕಟ್ಟೋ.”

“ನಂದಿನಿ ಮನೀಗೆ ಬೀಗ ಹಾಕ್ತಾಳ.”

ಆಧಾರ್ ಜೆರಾಕ್ಸಿಗೆ ನಿಂತಿದ್ದವನನ್ನು ಕೇಳಿದರು. ಅವನು ಮೂಲ ಕಾರ್ಡನ್ನೂ ಬಿಟ್ಟು ಓಡಿದ. ಪಕ್ಕದ ಎಗ್ ರೈಸ್ ಬಂಡಿಯವನು, ಎದುರಿನ ಗೊಬ್ಬರದಂಗಡಿಯವನು, ರಸ್ತೆಯಲ್ಲಿ ಸಿಕ್ಕ ಪರಿಚಯದವರು, ಪರಿಚಯವಿಲ್ಲದವರು, ಎಲ್ಲರೂ ಕೆಂಡದ ಅಭಿಮಾನಿಗಳೇ. ಆದರೆ ನಂಬರು ಕೊಡುವವರು ಒಬ್ಬರೂ ಇಲ್ಲ. ಒಂದು ಗಂಟೆಯ ಹೊತ್ತಿಗೆ ಹೊನ್ನೂರಸ್ವಾಮಿ ಹೇಳಿದ: “ಕರೂರಿನ ಸುಂಕಣ್ಣನ ಕೇಳಿ ನೋಡ್ರಿ. ನಾಟಿ ಮೇಸ್ತ್ರಿ. ಅಂವ ಯಾರಿಗೂ ಹೆದರಂಗಿಲ್ಲ.”

ಹಾಲಸಿದ್ದಪ್ಪ ಆಟೊ ಹತ್ತಿದ.

ಸುಂಕಣ್ಣ ಗದ್ದೆಯ ನಡುವೆ ನಿಂತು, ಭತ್ತದ ಸಸಿ ಹಚ್ಚುತ್ತಿದ್ದ ಇಪ್ಪತ್ತು ಹೆಂಗಸರಿಗೆ ಸಾಲು ತೋರಿಸುತ್ತಿದ್ದ. ಹಾಲಸಿದ್ದಪ್ಪ ಬದುವಿನ ಮೇಲೆ ನಿಂತು ಕೂಗಿದ. ಅವನ ದನಿ ಕೊಕ್ಕರೆಗೂ ಕೇಳಲಿಲ್ಲ. ಪ್ಯಾಂಟು ಮಡಚಿ ಇಳಿದೇಬಿಟ್ಟ. ಮೊದಲ ಹೆಜ್ಜೆಗೆ ಮೊಣಕಾಲು, ಎರಡನೆಯದಕ್ಕೆ ತೊಡೆ. ಎಡಗಾಲಿನ ಚಪ್ಪಲಿಯನ್ನು ಕೆಸರು ನುಂಗಿತು, ತೇಗಿತು ಕೂಡ.

ಅಷ್ಟು ಕೆಸರಲ್ಲಿ ನಿಂತೇ ಹಾಲಸಿದ್ದಪ್ಪ ಕತೆ ಹೇಳಿ ಮುಗಿಸಿದ. ಸುಂಕಣ್ಣ ನಕ್ಕ ನಗುವಿಗೆ ಪಕ್ಕದ ಗದ್ದೆಯ ಎತ್ತು ತಲೆಯೆತ್ತಿತು.

“ಇಷ್ಟ ಏನಣ್ಣ? ಕಾಲುವಿ ಕಡೀ ತುದ್ಯಾಗ ಹೊಲ ನಂದು. ನೀರಿಗೆ ಕಾದು ಕಾದು ಇಪ್ಪತ್ತು ವರ್ಷದ ಬೈಗುಳ ಹೊಟ್ಟ್ಯಾಗ ಇಟ್ಕೊಂಡೀನಿ. ನನ್ನ ಹೆಸರಿನ್ಯಾಗ ನಾಲ್ಕು ಸಾವ್ರ ಬೈಗುಳ ಅಂದ್ರ ಪುಕ್ಕಟೆ ಆಸ್ತಿ ಬಂದಂಗಾತು! ಕೊಡ್ರಿ ಇತ್ಲಾಗ!”

ಹೆಂಗಸರಲ್ಲಿ ಹಿರಿಯಳಾದ ಸುಂಕಮ್ಮ ಸೊಂಟ ನೆಟ್ಟಗೆ ಮಾಡಿ, “ಲೇ ಸುಂಕಣ್ಣ, ನನ್ನವೂ ನಾಲ್ಕು ಅದಾವು, ಸೇರಸ್ಕೋ” ಎಂದಳು.

ಓಟಿಪಿ ಬರಲಿಲ್ಲ. ಗದ್ದೆಯಲ್ಲಿ ಸಿಗ್ನಲ್ಲಿಲ್ಲ. ಸುಂಕಣ್ಣ ಮುಂದೆ, ಹಾಲಸಿದ್ದಪ್ಪ ಹಿಂದೆ, ಕಾಲುವೆ ಏರಿಯ ಮೇಲೆ ಹತ್ತಿದರು. ಅಲ್ಲಿಯೂ ಒಂದೇ ಗೀಟು. ಕೊನೆಗೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹತ್ತಿ, ಸುಂಕಣ್ಣ ಹಾಲಸಿದ್ದಪ್ಪನ ಭುಜದ ಮೇಲೆ ಕಾಲಿಟ್ಟು ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿದ. ಸುಂಕಣ್ಣನ ತೂಕ ಕಡಿಮೆಯೆಂದರೂ ಮೂರು ಮೂಟೆ ಭತ್ತ. ಮೂರೂ ಇಪ್ಪತ್ತಕ್ಕೆ ಟಿಣ್ ಎಂದಿತು. ಅವನು ಮೇಲಿನಿಂದ ಒಂದೊಂದೇ ಅಂಕಿ ಕೂಗಿದ, ಇವನು ಕೆಳಗಿನಿಂದ ಹೊನ್ನೂರಸ್ವಾಮಿಗೆ ಫೋನಿನಲ್ಲಿ ಕೂಗಿದ.

“ಕಟ್ಟಿದೆ ಅಣ್ಣ!” ಎಂದ ಹೊನ್ನೂರಸ್ವಾಮಿ. “ಕೆಂಡ ಈಗ ಸುಂಕಣ್ಣಂದು. ನೀವು ತಣ್ಣಗಾದ್ರಿ.”

ಹಾಲಸಿದ್ದಪ್ಪ ಸುಂಕಣ್ಣನ ಕೆಸರುಗೈ ಹಿಡಿದ. “ಯಾರು ಕೇಳಿದ್ರೂ ನಿಂದ ಅನ್ನಬೇಕು.”

“ಅಂತೀನಿ.”

“ನಾನ ಕೇಳಿದ್ರೂ ನಿಂದ ಅನ್ನಬೇಕು. ಕಾಲು ಹಿಡಿದ್ರೂ ಬಿಟ್ಟುಕೊಡಬಾರ್ದು.”

“ಸುಂಕಣ್ಣ ಮಾತು ಕೊಟ್ರ ಕಾಲುವಿ ಹಿಂದಕ ಹರಿಬಹುದು, ಮಾತು ಹರಿಯಂಗಿಲ್ಲ. ನಡಿರಿ, ಬಸ್ ತಪ್ಪತೈತಿ.”

ಒಂದೇ ಚಪ್ಪಲಿಯಲ್ಲಿ ಹಾಲಸಿದ್ದಪ್ಪ ಪಾರ್ವತಿನಗರದ ಮನೆ ಸೇರಿದಾಗ ಆರಕ್ಕೆ ಹತ್ತು ನಿಮಿಷ. ಶಿವಬಸಮ್ಮ ಬಾಗಿಲಲ್ಲೇ ನಿಂತಿದ್ದಳು. ಕಾಲಿನಿಂದ ತಲೆಯವರೆಗೆ ನೋಡಿದಳು. “ಮಗಳ ಶಾಸ್ತ್ರದ ದಿನ ಅಪ್ಪ ನಾಟಿ ಮಾಡಾಕ ಹೋಗಿದ್ನೇನು? ಹಿತ್ತಲದಾಗ ನೀರೈತಿ, ಹೋಗ್ರಿ. ಬೀಗ್ರ ಜೀಪು ಬಂತು!”

ಹಿತ್ತಲಲ್ಲಿ ತೊಳೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದಾಗ ಹಾಲಸಿದ್ದಪ್ಪನ ಮುಖದಲ್ಲಿ ಗೆದ್ದ ಕಳೆಯಿತ್ತು. ಹಾಲಿನಲ್ಲಿ ಕರಿಬಸವ, ಅವನ ಮಗ ಚನ್ನಬಸವರಾಜ, ಬಂಧುಗಳು ನಾಲ್ವರು. ಈ ಕಡೆ ಮಾರೇಶ, ಜ್ಯೋತಿಲಕ್ಷ್ಮಿ. ತಟ್ಟೆಯಲ್ಲಿ ಎಲೆ, ಅಡಿಕೆ. ಬಾಗಿಲ ಮರೆಯಲ್ಲಿ ರಶ್ಮಿ, ಹುಡುಗನ ಕಡೆ ನೋಡದಂತೆ ನೋಡುತ್ತ.

ಗಡಿಯಾರ ಆರು ಹೊಡೆಯಿತು. ಕರಿಬಸವ ಎಲೆಯ ಕಡೆ ಕೈ ಚಾಚುವುದು ಬಿಟ್ಟು ಜೇಬಿನಿಂದ ಮೊಬೈಲು ತೆಗೆದ. ಕನ್ನಡಕ ಏರಿಸಿದ. ಕಟ್ಟೆಯನ್ನು ಬೆರಳಲ್ಲಿ ಸರಿಸುತ್ತ ಹೋದ. ಆಮೇಲೆ ಮೀಸೆ ಮೆಲ್ಲಗೆ ಇಳಿಬಿತ್ತು.

“ಸುಂಕಣ್ಣ. ಕರೂರು” ಎಂದು ಓದಿದ. “ಯಾರಿಂವ?”

“ಯಾರೋ ಬಿಡ್ರಿ ಬೀಗ್ರ!” ಎಂದ ಹಾಲಸಿದ್ದಪ್ಪ ಉಲ್ಲಾಸದಿಂದ. “ಎಲಿ ತಗೋರ್ರಿ.”

ಕರಿಬಸವ ಎಲೆ ತೆಗೆದುಕೊಳ್ಳಲಿಲ್ಲ. ಎದ್ದು ನಿಂತ. “ತಪ್ಪು ಮನಿಗೆ ಬಂದೆ ನಾನು.”

ಹೊರಗೆ ಓಣಿಯ ನಾಯಿಯೂ ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸಿತು.

“ಮುಚ್ಚಿಟ್ಟೇನು ಮಾಡ್ಲಿ” ಎಂದ ಕರಿಬಸವ. “ನೌಕರಿ ಮುಗಿದ ಮ್ಯಾಲೆ ನನ್ನ ಮಾತು ಕೇಳೋರು ಒಬ್ರೂ ಉಳೀಲಿಲ್ಲ. ಮಗ ಕೇಳಂಗಿಲ್ಲ, ಸೊಸೈಟ್ಯಾಗ ಕೇಳಂಗಿಲ್ಲ. ಆ ಕೆಂಡ ಒಬ್ಬನ ನಾ ಬರ್ದಿದ್ದು ಒಂದಕ್ಷರ ಬಿಡದಂಗ ಓದಿ, ದಿನಾ ಉತ್ರ ಕೊಡ್ತಿದ್ದ. ಬೈಲಿ, ಓದ್ತಿದ್ದನಲ್ಲ! ಒಂದು ದಿನ ಬರ್ದಿದ್ದ, ‘ಈಗ ಕರೆಂಟು ಹೋತು, ನೀವು ಉಳಿದ್ರಿ’ ಅಂತ. ವಿಚಾರಿಸಿದೆ. ಆ ಹೊತ್ತಿಗೆ ಜಿಲ್ಲಾದಾಗೆಲ್ಲ ಕರೆಂಟು ಹೋಗಿದ್ದು ಈ ಓಣ್ಯಾಗ ಮಾತ್ರ. ನೀರು ಎಲ್ಲಿ ಸೋರತೈತಿ ಅಂತ ಮೂವತ್ನಾಲ್ಕು ವರ್ಷ ಹುಡುಕಿದೋನು ನಾನು. ಓಣ್ಯಾಗ ಮೂರೊತ್ತೂ ಮೆಟ್ಟಲ ಮ್ಯಾಲೆ ಮೊಬೈಲ್ ಹಿಡ್ಕೊಂಡು ಕುಂದ್ರೋರು ಹಾಲಸಿದ್ದಪ್ಪ ಒಬ್ರ ಅಂದ್ರು. ಇಂಥಾ ಬೀಗ ಸಿಕ್ರ ಸಾಯೋತನಕ ಮಾತಿಗೆ ಬರ ಇಲ್ಲ ಅಂತ, ನಾನ ಹೇಳಿಕಳಿಸಿ ಸಂಬಂಧ ಕೇಳಿದೆ. ಈಗ ನೋಡಿದ್ರ ಕೆಂಡ ಕರೂರಾಗ ಅದಾನ.” ಊರುಗೋಲು ತೆಗೆದುಕೊಂಡ. “ಮನಸು ತಣ್ಣಗಾತು. ಇವತ್ತು ಎಲಿ ಅಡಿಕಿ ಬ್ಯಾಡ. ಮುಂದ ನೋಡೋಣು.”

ಸಂಬಂಧದ ಮಾತಿನಲ್ಲಿ ‘ಮುಂದೆ ನೋಡೋಣ’ ಎಂದರೆ ಮುಂದೆ ಯಾರೂ ನೋಡುವುದಿಲ್ಲ ಎಂದು ಬಳ್ಳಾರಿಯ ಕೂಸಿಗೂ ಗೊತ್ತು. “ಅಪ್ಪಾ!” ಎಂದ ಚನ್ನಬಸವರಾಜ. “ನೀ ಸುಮ್ಕಿರು” ಎಂದ ಅಪ್ಪ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು.

ಹಾಲಸಿದ್ದಪ್ಪ ಜಿಗಿದು ಅಡ್ಡ ನಿಂತ. “ನಾನ್ರಿ! ಕೆಂಡ ನಾನ!”

“ನೀವು?” ಕರಿಬಸವ ಕಣ್ಣು ಕಿರಿದು ಮಾಡಿದ.

“ಛೆ ಛೆ ಛೆ!” ಮಾರೇಶ ಎದ್ದೇಬಿಟ್ಟ. ಆಣೆ ಎಂದರೆ ಆಣೆ. “ಸಿದ್ದಪ್ಪಣ್ಣಾರು ಕೆಂಡ ಅಂದ್ರ ನಗ್ತಾರ್ರಿ ಯಾರರ! ಇವ್ರಿಗೆ ಮೊಬೈಲಿನ್ಯಾಗ ಟಾರ್ಚು ಆರಿಸಾಕ ಬರಂಗಿಲ್ಲ. ನಾನ ಆರಿಸಿಕೊಡ್ತೀನಿ.”

“ಮಾರೇಶ, ಈಗ ಖರೆ ಹೇಳೋ!”

ಮಾರೇಶ ಅವನಿಗೊಂದು ಕಣ್ಣು ಹೊಡೆದು, ‘ಹೆದರಬ್ಯಾಡ್ರಿ, ನಾನದೀನಿ’ ಎಂಬಂತೆ ಬೆನ್ನು ತಟ್ಟಿದ. ಜ್ಯೋತಿಲಕ್ಷ್ಮಿ ಗಂಭೀರವಾಗಿ ನುಡಿದರು: “ಇವ್ರು ಅಂಥೋರಲ್ಲರೀ. ನಾನು ಸಾಲಿ ಟೀಚರು, ಸುಳ್ಳು ಹೇಳಂಗಿಲ್ಲ.”

ಹಾಲಸಿದ್ದಪ್ಪ ಸುಂಕಣ್ಣನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ. “ಸುಂಕಣ್ಣ, ನಾನಪ್ಪ ಹಾಲಸಿದ್ದಪ್ಪ! ಮಾತು ವಾಪಸ್ ತಗೊಂಡೀನಿ. ಕೆಂಡ ಯಾರು ಹೇಳಿಬಿಡು!”

“ಕೆಂಡ ನಾನ!” ಎಂದು ಗುಡುಗಿತು ಫೋನು. “ನೀವ್ಯಾರೋ ನನಗ ಗೊತ್ತಿಲ್ಲ. ಕಾಲು ಹಿಡಿದ್ರೂ ಬಿಟ್ಟುಕೊಡಂಗಿಲ್ಲ!” ಹಿಂದಿನಿಂದ ಸುಂಕಮ್ಮನ ದನಿಯೂ ಕೇಳಿತು: “ಹೌದು, ಅವನ! ನಾಲ್ಕು ನನ್ನವು!” ಫೋನು ಕಟ್ಟಾಯಿತು.

ಹಾಲಸಿದ್ದಪ್ಪ ಬಿಡಲಿಲ್ಲ. ಮಂಡಕ್ಕಿಯ ಬೈಗುಳದಿಂದ ಹಿಡಿದು ಇಪ್ಪತ್ತು ಬೈಗುಳ ಉಸಿರು ತಿರುಗಿಸದೆ ಒಪ್ಪಿಸಿದ. ಕರಿಬಸವ ಕೈ ಅಡ್ಡ ಮಾಡಿದ.

“ಅವು ಕಟ್ಟೆ ಮ್ಯಾಲೆ ಅದಾವು, ಊರಿಗೆಲ್ಲ ಬಾಯಿಪಾಠ. ಹೊಸಾದು ಅನ್ರಿ. ಈಗ, ಇಲ್ಲೇ, ನನ್ನ ಮಾರಿ ನೋಡಿ.”

ಹಾಲಸಿದ್ದಪ್ಪ ಬೀಗರ ಮುಖ ನೋಡಿದ. ಮೀಸೆ ನೋಡಿದ. ಬಾಯಿ ತೆರೆದ. ಅವನ ಜನ್ಮದಲ್ಲಿ ಎದುರಿಗಿದ್ದ ಒಬ್ಬರನ್ನೂ ಅವನು ಬೈದದ್ದಿಲ್ಲ. ಬೆವರು ಹಣೆಯಿಂದ ಇಳಿದು ಇಸ್ತ್ರಿ ಅಂಗಿ ತೊಯ್ಯಿಸಿತು.

“ನೀವು... ನೀವು...” ಎಂದ. “ನೀವು ಭಾಳ ದೊಡ್ಡೋರ್ರಿ.”

ಕರಿಬಸವ ನಿಟ್ಟುಸಿರು ಬಿಟ್ಟ. “ಕೆಂಡ ಹಿಂಗ ಅನ್ನಾಂವಲ್ಲ. ಪಾಪ, ಮಗಳ ಸಲುವಾಗಿ ಸುಳ್ಳು ಹೇಳ್ತೀರಿ. ನಡಿ ಚನ್ನಬಸು” ಎಂದು ಹೊಸ್ತಿಲಿಗೆ ಕಾಲಿಟ್ಟ.

“ನಿಲ್ರಿ ಅಲ್ಲೇ!”

ಅಡುಗೆ ಮನೆಯಿಂದ ಶಿವಬಸಮ್ಮ ಬಂದಳು. ಕೈಯಲ್ಲಿ ಸೌಟು, ಕಣ್ಣಲ್ಲಿ ಒಲೆ. “ಏನು ಅಂದ್ಕೊಂಡೀರಿ ನೀವು? ಹಿಟ್ಟು ನಾದಿ, ಹಂಚು ಕಾಸಿ, ರೊಟ್ಟಿ ಬಡಿಯಾಕ ಕೈ ಎತ್ತಿದ ಮ್ಯಾಲೆ ನನಗ ಹಸಿವಿಲ್ಲ ಅಂದಂಗಾತಲ್ಲ ನಿಮ್ಮದು! ಹುಡುಗಿ ಒಪ್ಪಿದ್ದು ನಿಮ್ಮ ಹುಡುಗನ್ನ, ಹುಡುಗ ಒಪ್ಪಿದ್ದು ನಮ್ಮ ಹುಡುಗೀನ. ನಡುವ ನಿಮ್ದೇನ್ರಿ? ಸಾರಿನ್ಯಾಗ ಸಿಕ್ಕ ಕರಿಬೇವಿನಂಗ, ಎತ್ತಿ ಬಾಜೂಕ ಇಟ್ರ ಊಟ ನಡಿತೈತಿ!”

ಕರಿಬಸವನ ಕಾಲು ಹೊಸ್ತಿಲ ಮೇಲೇ ನಿಂತಿತು. ಮೆಲ್ಲಗೆ ತಿರುಗಿದ.

“ಇನ್ನೊಂದು ಅನ್ರಿ ಅಕ್ಕಾರ” ಎಂದ, ಪಿಸುದನಿಯಲ್ಲಿ.

“ಇನ್ನೊಂದ್ಯಾಕ, ಇನ್ನೂರು ಅಂತೀನಿ! ಮೂರು ತಾಸು ಕುದಿಸಿದ್ರೂ ಬೇಯದ ಹುರುಳಿಕಾಳು ನೀವು. ನೀರೂ ದಂಡ, ಗ್ಯಾಸೂ ದಂಡ, ಕಡೀಗೆ ಹಲ್ಲೂ ದಂಡ!”

ಊರುಗೋಲು ಕೆಳಗೆ ಬಿತ್ತು. ಕರಿಬಸವನ ಮುಖದಲ್ಲಿ ಬೆಳಗಾಯಿತು. ಆ ಬೆಳಕಿಗೆ ಕೋಟೆಗುಡ್ಡದ ಮೇಲಿನ ಪಾರಿವಾಳಗಳು ಸೂರ್ಯ ಮತ್ತೆ ಹುಟ್ಟಿದನೆಂದು ಹಾರಿದವು. “ಇದ ನೋಡ್ರಿ ಕೆಂಡ! ಜಗಳ ಕಾಲುವೀದು, ಬೈಗುಳ ಅಡಿಗಿಮನೀದು, ಇದೆಂಗ ಅಂತ ಹನ್ನೊಂದು ವರ್ಷ ತಲಿ ಕೆಡಿಸ್ಕೊಂಡಿದ್ದೆ. ಹೆಸರು ಯಾರ್ದರ ಇರ್ಲಿ, ನೀರು ಯಾವ ತೂಬಿಂದ ಬಂದೈತಿ ಅಂತ ನನಗ ತಿಳಿಯಂಗಿಲ್ಲೇನು? ಅಕ್ಕಾರ, ಕೆಂಡ ನೀವು!”

“ಬರ್ದಿದ್ದು ನಾನ್ರಿ!” ಎಂದ ಹಾಲಸಿದ್ದಪ್ಪ ಅಳುವ ದನಿಯಲ್ಲಿ.

“ಟೈಪ್ ಮಾಡಿರಬಹುದು ಬಿಡ್ರಿ.”

ಹೇಳಬಾರದ ನಿಜ ಅದೇ. ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ನಿಂತು ಗಂಡನಿಗೆ ಏನು ಬಡಿಸುತ್ತಿದ್ದಳೋ, ಗಂಡ ಮೆಟ್ಟಿಲ ಮೇಲೆ ಕೂತು ಅದನ್ನೇ ಬಿಸಿಬಿಸಿಯಾಗಿ ಕುರುಗೋಡಿಗೆ ದಾಟಿಸುತ್ತಿದ್ದ. ಇಷ್ಟು ವರ್ಷದಲ್ಲಿ ಸ್ವಂತದ್ದು ಒಂದೂ ಇಲ್ಲ.

ಶಿವಬಸಮ್ಮನ ಸೌಟು ಗಂಡನ ಕಡೆ ತಿರುಗಿತು. “ಅಂದ್ರ, ನಿಮಗಂತ ನಾ ಮಾಡಿಟ್ಟಿದ್ದನ್ನೆಲ್ಲ ಊರಿಗೆ ಹಂಚೀರೇನ್ರಿ?”

ಎಲೆ ಅಡಿಕೆ ಬದಲಾದವು. ರಶ್ಮಿ ಮರೆಯಿಂದ ಹೊರಬಂದಳು. ಮಾರೇಶ ಅಲ್ಲೇ ಕೂತು ಶಿವಬಸಮ್ಮನ ಹೆಸರಲ್ಲಿ, ಹೊಸ ಮಾಲೀಕರ ಹೊಸ ನಿಯಮದಂತೆ, ಬಿಸಿಲುಕಟ್ಟೆಯಲ್ಲಿ ಒಂದು ಖಾತೆ ತೆರೆದುಕೊಟ್ಟ. ಕರೂರಿನಲ್ಲಿ ಅದೇ ಹೊತ್ತಿಗೆ ಸುಂಕಣ್ಣನಿಗೆ ಶಾಲು ಹೊದಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಕರಿಬಸವ ಹದಿನಾರು ಮೊಳ ಬರೆದ. ಶಿವಬಸಮ್ಮ ನಡುಮನೆಯ ಕುರ್ಚಿಯಲ್ಲಿ ಕಾಲು ಮಡಿಚಿ ಕೂತು ಒಂದು ಸಾಲು ಬರೆದಳು. ಒಂಬೈನೂರು ಜನ ಮೆಚ್ಚಿದರು. “ಮೂರು ಸೀಟಿಗೆ ಇಳಸ್ರಿ” ಎಂದು ಒಳಗೆ ಕೂಗಿ, ಎರಡನೆಯದಕ್ಕೆ ಕೈ ಹಾಕಿದಳು. ಗಂಡನಿಗೆ ಒಂದು ಬೈಗುಳವೂ ಸಿಗಲಿಲ್ಲ. ಒಳ್ಳೊಳ್ಳೆಯವನ್ನೆಲ್ಲ ಬೀಗರಿಗೆಂದು ತೆಗೆದಿಡುತ್ತಿದ್ದಳು.

ಹಾಲಸಿದ್ದಪ್ಪ ಬಿಟ್ಟುಕೊಡುವ ಪೈಕಿಯಲ್ಲ. ಕುಕ್ಕರಿನ ಮುಂದೆ ನಿಂತೇ ಸ್ವಂತ ಹೆಸರಲ್ಲಿ ಹೊಸ ಖಾತೆ ತೆರೆದ. ಒಂದು ಗಂಟೆ ಯೋಚಿಸಿದ, ಮೂರು ಸಲ ಅಳಿಸಿದ, ಆಮೇಲೆ ಕರಿಬಸವನ ಬರಹದ ಕೆಳಗೆ ಒತ್ತಿ ಒತ್ತಿ ಬರೆದ: “ನೀವು ಬರೆದಿದ್ದು ಅಷ್ಟೇನೂ ಚೆನ್ನಾಗಿಲ್ಲ.”

ಉತ್ತರ ತಕ್ಷಣ ಬಂತು. “ಬೀಗ್ರ, ನೀವು ಸುಮ್ನ ಓದ್ರಿ. ಇದು ಎಲ್ಲಾರಿಗೂ ಬರಂಗಿಲ್ಲ.”

ಕೆಳಗೆ ಮೊದಲು ಮೆಚ್ಚಿದವರ ಹೆಸರಿತ್ತು: ಶಿವಬಸಮ್ಮ, ಪಾರ್ವತಿನಗರ.